ಬಟಾಣಿ ಎಣಿಸಿದ ಸನ್ಯಾಸಿ, ಬ್ರಹ್ಮಾಂಡ ಅಳೆದ ಪಾದ್ರಿ

ಕಲಬುರಗಿ ಕಡೆ ತೊಗರಿ ಬೆಳೆಯುವವರಿಗೆ ನೆಟೆ ರೋಗ ಅಂದರೆ ಎದೆ ಝಲ್ಲೆನ್ನುತ್ತದೆ. ಹೂವು, ಕಾಯಿ ಹಿಡಿಯುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗಿಬಿಡುತ್ತದೆ. ಮಣ್ಣಿನಲ್ಲಿರುವ ಫ್ಯುಸೇರಿಯಂ ಎಂಬ ಶಿಲೀಂಧ್ರ ಬೇರಿನಿಂದ ಒಳಹೊಕ್ಕು, ನೀರು ಮೇಲೇರುವ ದಾರಿಯನ್ನೇ ಮುಚ್ಚುತ್ತದೆ. ಔಷಧಿ ಹೊಡೆದು ಇದನ್ನು ತಡೆಯುವುದು ಕಷ್ಟ. ರೋಗ ತಾಳಿಕೊಳ್ಳುವ ತಳಿಯೇ ರೈತನಿಗೆ ದೊಡ್ಡ ಆಸರೆ. ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಿಂದ ಬಂದ ಟಿಎಸ್-3ಆರ್ ಅಂಥದೊಂದು ತಳಿ. ಒಂದು ಗುಣ ತಾಯಿಗಿಡದಿಂದ ಮುಂದಿನ ಪೀಳಿಗೆಗೆ ಹೇಗೆ ಹೋಗುತ್ತದೆ ಎಂದು ಲೆಕ್ಕ ಹಾಕುವ ವಿದ್ಯೆ ಇಲ್ಲದೆ ಇಂದಿನ ತಳಿ ಅಭಿವೃದ್ಧಿ ಇಲ್ಲ. ಆ ವಿದ್ಯೆ ಶುರುವಾದದ್ದು ಒಂದು ಕ್ರೈಸ್ತ ಮಠದ ತೋಟದಲ್ಲಿ.

ಇಂದಿನ ಚೆಕ್ ಗಣರಾಜ್ಯದ ಬ್ರನೋ ಊರಿನ ಮಠದಲ್ಲಿ ಗ್ರೆಗರ್ ಮೆಂಡೆಲ್ ಸನ್ಯಾಸಿಯಾಗಿದ್ದ. ಮಠದ ಹಿರಿಯರು ಅವನನ್ನು 1851ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ಓದಲು ಕಳಿಸಿದರು. ಅಲ್ಲಿ ಅವನು ಭೌತಶಾಸ್ತ್ರ, ಗಣಿತ ಎರಡನ್ನೂ ಕಲಿತ. ವಾಪಸ್ ಬಂದು 1856ರಿಂದ ಬಟಾಣಿ ಗಿಡಗಳ ಮೇಲೆ ಪ್ರಯೋಗಕ್ಕೆ ಕೂತ. ಬಟಾಣಿಯನ್ನೇ ಆರಿಸಿದ್ದಕ್ಕೆ ಕಾರಣವಿದೆ. ಅದರ ಹೂವಿನೊಳಗೇ ಪರಾಗಸ್ಪರ್ಶ ಆಗುವುದರಿಂದ ತಳಿ ಶುದ್ಧವಾಗಿ ಉಳಿಯುತ್ತದೆ. ನಮ್ಮ ತೊಗರಿ ಹಾಗಲ್ಲ, ಜೇನುನೊಣ ಬಂದು ಬೆರಕೆ ಮಾಡಿ ಹೋಗುತ್ತದೆ. ದುಂಡು ಕಾಳಿನ ತಳಿ, ಸುಕ್ಕು ಕಾಳಿನ ತಳಿ ಎರಡನ್ನೂ ಕೂಡಿಸಿದಾಗ ಮೊದಲ ಪೀಳಿಗೆಯ ಕಾಳೆಲ್ಲ ದುಂಡಗಿದ್ದವು. ಎರಡನೇ ಪೀಳಿಗೆಯಲ್ಲಿ ಸುಕ್ಕು ಕಾಳು ಮತ್ತೆ ಕಾಣಿಸಿತು. ಅವನು ಎಣಿಸಿದ. 5,474 ದುಂಡು, 1,850 ಸುಕ್ಕು. ಹೆಚ್ಚುಕಡಿಮೆ ಮೂರಕ್ಕೆ ಒಂದು. ಗುಣಗಳು ಬಣ್ಣದ ನೀರಿನ ಹಾಗೆ ಕಲಸಿ ಹೋಗುವುದಿಲ್ಲ, ಬೇರೆ ಬೇರೆಯಾಗಿಯೇ ಸಾಗುತ್ತವೆ ಎಂದು ಆ ಲೆಕ್ಕ ಹೇಳಿತು. 1866ರಲ್ಲಿ ಪ್ರಕಟವಾದ ಈ ಲೇಖನದ ಬೆಲೆ ಜಗತ್ತಿಗೆ ಗೊತ್ತಾದದ್ದು 1900ರಲ್ಲಿ, ಮೆಂಡೆಲ್ ತೀರಿಕೊಂಡು 16 ವರ್ಷದ ಮೇಲೆ.

ಆ ಲೇಖನದ ವಾದ ನಿಂತಿರುವುದು ಎಣಿಕೆಯ ಮೇಲೆ. ಬೈಬಲ್ ಮೇಲಲ್ಲ. ದೇವರನ್ನು ನಂಬದವನೂ ಬಟಾಣಿ ಬಿತ್ತಿ ಅದನ್ನು ಪರೀಕ್ಷಿಸಬಹುದು. ನನಗೆ ಮುಖ್ಯ ಅನಿಸುವುದು ಇದೇ. ಹುಡುಕಲು ಹೊರಡುವುದಕ್ಕೆ ನಂಬಿಕೆ ಕಾರಣವಾಗಬಹುದು. ಆದರೆ ಹುಡುಕಿ ಸಿಕ್ಕಿದ್ದು ಸರಿಯೋ ತಪ್ಪೋ ಎಂದು ಹೇಳಬೇಕಾದದ್ದು ಎಲ್ಲರೂ ನೋಡಬಹುದಾದ ಸಾಕ್ಷ್ಯ.

ಧರ್ಮಕ್ಕೂ ವಿಜ್ಞಾನಕ್ಕೂ ಮೊದಲಿಂದ ಜಗಳ ಅನ್ನುವ ಕಥೆ ನಮ್ಮಲ್ಲಿ ಜಾಸ್ತಿ ಓಡಾಡುತ್ತದೆ. ಅದಕ್ಕೆ ದೊಡ್ಡ ಬಲ ಬಂದದ್ದು 19ನೇ ಶತಮಾನದ ಕೊನೆಯಲ್ಲಿ, ಅಮೆರಿಕದ ಡ್ರೇಪರ್ ಮತ್ತು ವೈಟ್ ಬರೆದ ಪುಸ್ತಕಗಳಿಂದ. ಇತಿಹಾಸಕಾರರು ಈಗ ಆ ಚಿತ್ರವನ್ನು ಹಾಗೇ ಒಪ್ಪುವುದಿಲ್ಲ. ಕ್ರೈಸ್ತರೊಳಗೇ ಎರಡು ದನಿ ಇದ್ದವು. ಕ್ರಿ.ಶ. 200ರ ಆಸುಪಾಸಿನಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜ್ ಊರಿನ ಕ್ರೈಸ್ತ ಲೇಖಕ ಟರ್ಟುಲಿಯನ್ ಕೇಳಿದ್ದ: ಅಥೆನ್ಸಿಗೂ ಜೆರುಸಲೇಮಿಗೂ ಏನು ಸಂಬಂಧ? ಅಂದರೆ ಗ್ರೀಕರ ತತ್ವಜ್ಞಾನ ಭಕ್ತರಿಗೆ ಯಾಕೆ ಬೇಕು ಅಂತ. ಇನ್ನೊಂದು ದನಿ ಅದೇ ಉತ್ತರ ಆಫ್ರಿಕಾದ ಬಿಷಪ್ ಅಗಸ್ಟೀನನದು (354–430). ಬೈಬಲಿನ ಆದಿಕಾಂಡದ ಮೇಲೆ ಬರೆಯುತ್ತ ಅವನು ತನ್ನವರನ್ನೇ ಎಚ್ಚರಿಸಿದ. ಭೂಮಿ, ಆಕಾಶ, ನಕ್ಷತ್ರಗಳ ಚಲನೆ ಇವೆಲ್ಲ ಕ್ರೈಸ್ತರಲ್ಲದವರಿಗೂ ಚೆನ್ನಾಗಿ ಗೊತ್ತು. ಆ ವಿಷಯಗಳಲ್ಲಿ ಕ್ರೈಸ್ತನೊಬ್ಬ ಬೈಬಲ್ ಹೆಸರಲ್ಲಿ ತಪ್ಪು ಮಾತಾಡಿದರೆ, ಅವನ ಉಳಿದ ಮಾತನ್ನು ಯಾರು ನಂಬುತ್ತಾರೆ? ಮೆಂಡೆಲ್ ಇದ್ದ ಮಠ ಈ ಅಗಸ್ಟೀನನ ಹೆಸರಿನ ಸನ್ಯಾಸಿ ಸಂಘಕ್ಕೇ ಸೇರಿದ್ದು.

ಹಾಗಂತ ಗೆಲಿಲಿಯೊಗೆ ಆದದ್ದನ್ನು ಮುಚ್ಚಿಡಬಾರದು. ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಎಂಬ ಮಾತನ್ನು 1633ರಲ್ಲಿ ರೋಮಿನ ಧರ್ಮ ನ್ಯಾಯಾಲಯ ಅವನಿಂದ ಬಲವಂತವಾಗಿ ವಾಪಸ್ ತೆಗೆಸಿತು. 1642ರಲ್ಲಿ ಸಾಯುವ ತನಕ ಅವನು ಗೃಹಬಂಧನದಲ್ಲಿದ್ದ. ಅದು ಅನ್ಯಾಯ, ಬೇರೆ ಮಾತೇ ಇಲ್ಲ. ನೋವಿನ ಸಂಗತಿ ಏನೆಂದರೆ, 1615ರಲ್ಲಿ ಬರೆದ ಪತ್ರದಲ್ಲಿ ಗೆಲಿಲಿಯೊ ತನ್ನ ಪರವಾಗಿ ಅಗಸ್ಟೀನನ ಇದೇ ಮಾತುಗಳನ್ನು ಮುಂದಿಟ್ಟಿದ್ದ. ಚರ್ಚು ತನ್ನ ಹಿರಿಯನ ಮಾತನ್ನೇ ಕೇಳಲಿಲ್ಲ.

ಬೀದರ್‌ನವರಿಗೆ ಇನ್ನೊಂದು ಕೊಂಡಿ ಹತ್ತಿರದ್ದು ಅನಿಸಬಹುದು. 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾದ ಮುಂದೆ ನಿಂತರೆ, ಧರ್ಮದ ಓದು, ಲೋಕದ ಓದು ಒಂದೇ ಸೂರಿನಡಿ ನಡೆದ ಕಾಲ ಕಣ್ಣಿಗೆ ಕಟ್ಟುತ್ತದೆ. ಯುರೋಪಿಗೆ ಅರಿಸ್ಟಾಟಲನ ಎಷ್ಟೋ ಬರಹ ಮರಳಿ ಸಿಕ್ಕಿದ್ದೂ ಮುಸ್ಲಿಂ ವಿದ್ವಾಂಸರ ಕೈಯಿಂದಲೇ. 13ನೇ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್ ಸ್ಪೇನಿನ ಮುಸ್ಲಿಂ ವಿದ್ವಾಂಸ ಇಬ್ನ್ ರುಶ್ದ್‌ನನ್ನು ಸುಮ್ನೆ 'ವ್ಯಾಖ್ಯಾನಕಾರ' ಅಂತಲೇ ಕರೆಯುತ್ತಿದ್ದ. ಅರಿಸ್ಟಾಟಲನ ವ್ಯಾಖ್ಯಾನಕಾರ ಅಂದರೆ ಅವನೊಬ್ಬನೇ ಎಂಬಷ್ಟು ಗೌರವ. ಹಲವು ಕಡೆ ಅವನ ಜೊತೆ ಜಗಳವನ್ನೂ ಆಡಿದ. ಆದರೆ ಓದುವುದನ್ನು ಬಿಡಲಿಲ್ಲ.

ಇಪ್ಪತ್ತನೇ ಶತಮಾನಕ್ಕೆ ಬಂದರೆ ನನಗೆ ಎಲ್ಲರಿಗಿಂತ ಇಷ್ಟವಾಗುವವರು ಬೆಲ್ಜಿಯಂನ ಪಾದ್ರಿ ಜಾರ್ಜ್ ಲೆಮೆತ್ರ್. ಐನ್‌ಸ್ಟೈನ್ ಸಮೀಕರಣಗಳಿಂದ ಹೊರಟು, ಬ್ರಹ್ಮಾಂಡ ಹಿಗ್ಗುತ್ತಿದೆ ಎಂದು ಅವರು 1927ರಲ್ಲಿ ಬರೆದರು. ಲೆಕ್ಕ ಸರಿ ಇದ್ದರೂ ಭೌತಶಾಸ್ತ್ರವಾಗಿ ಇದನ್ನು ಒಪ್ಪಲಾಗದು ಎಂಬುದು ಐನ್‌ಸ್ಟೈನ್ ಅವರ ಆಗಿನ ನಿಲುವು. 1931ರಲ್ಲಿ ಲೆಮೆತ್ರ್ ಇನ್ನೂ ಮುಂದೆ ಹೋದರು. ಹಿಗ್ಗುತ್ತಿರುವುದನ್ನು ಹಿಂದಕ್ಕೆ ಎಣಿಸುತ್ತ ಹೋದರೆ ಎಲ್ಲವೂ ಒಂದೇ 'ಆದಿ ಅಣು'ವಿನಲ್ಲಿತ್ತು ಅಂದರು. ಇಂದಿನ ಮಹಾಸ್ಫೋಟ ಸಿದ್ಧಾಂತದ ಮೊದಲ ರೂಪ ಇದೇ.

1951ರಲ್ಲಿ ಪೋಪ್ ಹನ್ನೆರಡನೇ ಪಿಯಸ್ ಇದನ್ನು ದೇವರ ಸೃಷ್ಟಿಗೆ ಪುರಾವೆ ಎನ್ನುವ ಧಾಟಿಯಲ್ಲಿ ಭಾಷಣ ಮಾಡಿದರು. ಬೇರೆ ಪಾದ್ರಿಯಾಗಿದ್ದರೆ ಹಿಗ್ಗುತ್ತಿದ್ದರೇನೋ. ಲೆಮೆತ್ರ್‌ಗೆ ಕಸಿವಿಸಿಯಾಯಿತು. ತನ್ನ ಸಿದ್ಧಾಂತ ಧರ್ಮದ ಪ್ರಶ್ನೆಗಳಿಂದ ಪೂರ್ತಿ ಹೊರಗಿದೆ, ನಾಸ್ತಿಕನೂ ಅದನ್ನು ಆರಾಮಾಗಿ ಒಪ್ಪಬಹುದು ಎಂಬುದು ಅವರ ನಿಲುವು. ನಾಳೆ ಹೊಸ ವೀಕ್ಷಣೆ ಬಂದು ಸಿದ್ಧಾಂತವೇ ಬಿದ್ದುಹೋದರೆ ಅದಕ್ಕೆ ಕಟ್ಟಿದ ಭಕ್ತಿಯ ಗತಿ ಏನು, ಅಲ್ವಾ? ಮುಂದಿನ ವರ್ಷ ಖಗೋಳ ವಿಜ್ಞಾನಿಗಳ ಎದುರು ಮಾತಾಡುವಾಗ ಪೋಪ್ ಆ ವಾದವನ್ನು ಮತ್ತೆ ಎತ್ತಲಿಲ್ಲ. ಮಹಾಸ್ಫೋಟದ ಉಳಿಕೆ ವಿಕಿರಣ ಪತ್ತೆಯಾದ ಸುದ್ದಿ ಲೆಮೆತ್ರ್‌ಗೆ ತಲುಪಿದ್ದು 1966ರಲ್ಲಿ ಅವರು ತೀರಿಕೊಳ್ಳುವ ಸ್ವಲ್ಪ ಮೊದಲು.

ವಿಜ್ಞಾನ ಧರ್ಮದ ಪ್ರಶ್ನೆಗಳಿಂದ ಹೊರಗಿದೆ ಎಂಬ ಈ ಮಾತನ್ನು ಒಪ್ಪದ ಕ್ರೈಸ್ತ ಚಿಂತಕರೂ ಇದ್ದಾರೆ. ನೆದರ್ಲೆಂಡ್ಸಿನ ಅಬ್ರಹಾಂ ಕೈಪರ್ 1880ರಲ್ಲಿ ಆಮ್‌ಸ್ಟರ್‌ಡ್ಯಾಂನಲ್ಲಿ ಒಂದು ವಿಶ್ವವಿದ್ಯಾಲಯವನ್ನೇ ಕಟ್ಟಿದರು. ಯಾವ ನಂಬಿಕೆಯೂ ಇಲ್ಲದೆ ಯಾರೂ ಯೋಚಿಸುವುದಿಲ್ಲ, ಹಾಗಾಗಿ ಸೆಕ್ಯುಲರ್ ಜ್ಞಾನವೂ ತಟಸ್ಥವಲ್ಲ ಎಂಬುದು ಅವರ ವಾದ. ಇದರಲ್ಲಿ ಅರ್ಧ ನಿಜವಿದೆ. ಯಾವ ಪ್ರಶ್ನೆ ಕೇಳಬೇಕು, ಯಾವುದಕ್ಕೆ ದುಡ್ಡು ಹಾಕಬೇಕು, ಸಿಕ್ಕ ಜ್ಞಾನವನ್ನು ಏನು ಮಾಡಬೇಕು ಎನ್ನುವಲ್ಲಿ ನಮ್ಮ ನಂಬಿಕೆಗಳು ಕೆಲಸ ಮಾಡುತ್ತವೆ. ಆದರೆ ಮೂರಕ್ಕೆ ಒಂದು ಎಂಬ ಎಣಿಕೆ ಕ್ರೈಸ್ತನಿಗೊಂದು, ಲಿಂಗಾಯತನಿಗೊಂದು, ನಾಸ್ತಿಕನಿಗೊಂದು ಬರುವುದಿಲ್ಲ.

ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಕ್ರೈಸ್ತ ಮನೆಗಳ ಎಷ್ಟೋ ಮಕ್ಕಳು ಪಿಯುಸಿ ವಿಜ್ಞಾನ ಓದುತ್ತಾರೆ. ಎರಡನೇ ವರ್ಷದ ಜೀವಶಾಸ್ತ್ರದಲ್ಲಿ ವಿಕಾಸದ ಪಾಠ ಬರುತ್ತದೆ. ಭಾನುವಾರ ಸಭೆಯಲ್ಲಿ ಆರು ದಿನದ ಸೃಷ್ಟಿ ಕೇಳಿ, ಸೋಮವಾರ ಕೋಟಿಗಟ್ಟಲೆ ವರ್ಷಗಳ ಲೆಕ್ಕ ಓದುವ ಮಗುವಿಗೆ ಗೊಂದಲ ಆಗುವುದು ಸಹಜ. ದಯವಿಟ್ಟು ಅದನ್ನು ಗದರಿಸಿ ಬಾಯಿ ಮುಚ್ಚಿಸಬೇಡಿ. ಮಠಾಧೀಶರಾಗಲಿ, ಮೌಲ್ವಿಗಳಾಗಲಿ, ಪಾಸ್ಟರ್ ಆಗಲಿ, ಎಲ್ಲರಿಗೂ ಇದೇ ಬೇಡಿಕೆ. ವಿಕಾಸದ ಬೆಳಕಿಲ್ಲದೆ ಜೀವಶಾಸ್ತ್ರದಲ್ಲಿ ಯಾವುದಕ್ಕೂ ಅರ್ಥವಿಲ್ಲ ಎಂದು 1973ರಲ್ಲಿ ಬರೆದ ಜೀವವಿಜ್ಞಾನಿ ಥಿಯೊಡೋಸಿಯಸ್ ಡಾಬ್‌ಜಾನ್‌ಸ್ಕಿ ಸ್ವತಃ ಕ್ರೈಸ್ತರು. ಆರು ದಿನ ಅಂದರೆ ಬೆಳಿಗ್ಗೆಯಿಂದ ಸಂಜೆಯ ದಿನವೇ ಎಂದು ಅಗಸ್ಟೀನ್ ಕೂಡ ನಂಬಿರಲಿಲ್ಲ. ಸೂರ್ಯ ಹುಟ್ಟಿದ್ದೇ ನಾಲ್ಕನೇ ದಿನ ಅಂದಮೇಲೆ, ಮೊದಲ ಮೂರು ದಿನಗಳಲ್ಲಿ ಬೆಳಗು, ಬೈಗು ಆದದ್ದು ಹೇಗೆ ಎಂಬ ಪ್ರಶ್ನೆ ಅವನನ್ನು ಕಾಡಿತ್ತು. ಡಾರ್ವಿನ್ನನ ಪುಸ್ತಕ ಬಂದದ್ದು ಅದಾಗಿ 1,400 ವರ್ಷಗಳ ಮೇಲೆ, 1859ರಲ್ಲಿ.