‘ದಾನಂ’ ಎಂಬ ಎರಡಕ್ಷರ

ದಾವಣಗೆರೆಯಲ್ಲಿರುವ ನನ್ನ ಅಕ್ಕ ಮಗಳಿಗೆ ದಿನವೂ ಒಂದೆಲಗದ ಚಟ್ನಿ ಅರೆದು ಕೊಡುತ್ತಾಳೆ. ನೆನಪಿನ ಶಕ್ತಿ ಹೆಚ್ಚಲಿ ಎಂದು. ಸೊಪ್ಪಿನ ಮೇಲೆ ನನಗೆ ಯಾವ ಕೋಪವೂ ಇಲ್ಲ. ಆದರೆ ನೆನಪು ಸೊಪ್ಪಿನಿಂದ ಬರುತ್ತದೆ ಎಂದು ನಂಬಿದವರು ಓದುವ ಕ್ರಮವನ್ನು ತಿದ್ದಿಕೊಳ್ಳುವುದಿಲ್ಲ. ನನ್ನ ಆತಂಕ ಅದು.

ಹುಡುಗಿ ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ಪದವಿಯ ಮೊದಲ ವರ್ಷ. ಶಿಕ್ಷಣ ಮತ್ತು ತಂತ್ರಜ್ಞಾನದ ಬಗ್ಗೆ ಎರಡು ಪುಟದ ಇಂಗ್ಲಿಷ್ ಪಾಠದಲ್ಲಿ ನಲವತ್ತು ಪದಗಳಿಗೆ ಗೆರೆ ಎಳೆದಿದ್ದಳು: ಅಸೆಸ್, ಡೇಟಾ, ಕಾನ್ಸೆಪ್ಟ್, ಸಿಗ್ನಿಫಿಕಂಟ್... ಪ್ರತಿಯೊಂದನ್ನೂ ಕನ್ನಡ ಅರ್ಥದೊಂದಿಗೆ ಹತ್ತು ಸಲ ಬರೆದು ಭಾನುವಾರ ಗಡಗಡನೆ ಒಪ್ಪಿಸಿದಳು. ಮುಂದಿನ ಭಾನುವಾರಕ್ಕೆ ಒಂಬತ್ತು ಉಳಿದಿದ್ದವು. “ಮಾಮ, ನನ್ನ ತಲೆಗೆ ಇಂಗ್ಲಿಷ್ ಹತ್ತುವುದಿಲ್ಲ” ಎಂದು ಕಣ್ಣೀರು ತಂದುಕೊಂಡಳು.

ಇದು ತಲೆಯ ದೋಷವಲ್ಲ. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳ ಸರಣಿಗಳನ್ನು ತಾನೇ ಬಾಯಿಪಾಠ ಮಾಡಿ, ಸ್ವಲ್ಪ ಕಾಲ ಬಿಟ್ಟು ಮತ್ತೆ ಕಲಿತು, ಎರಡನೆಯ ಸಲ ಎಷ್ಟು ಶ್ರಮ ಉಳಿಯಿತು ಎಂದು ಅಳೆದು 1885ರಲ್ಲಿ ಪ್ರಕಟಿಸಿದ. ಒಂದು ದಿನ ಕಳೆಯುವಷ್ಟರಲ್ಲಿ ಆ ಉಳಿತಾಯ ಮೂರನೆಯ ಒಂದು ಭಾಗಕ್ಕೆ ಇಳಿದಿತ್ತು. ಒಂಟಿಯಾಗಿ ನಿಂತ ಪದ ಯಾರ ತಲೆಯಲ್ಲೂ ನಿಲ್ಲುವುದಿಲ್ಲ.

ಪದ ನಿಲ್ಲುವುದು ಹೇಗೆ ಎಂದು ತೋರಿಸಲು ನಾನು ಅವಳಿಗೆ ಹೇಳಿದ್ದು ನಮ್ಮ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಕಥೆ. ಅಲ್ಲಿಯ ಬಂಡೆಯ ಮೇಲಿನ ಅಶೋಕನ ಶಾಸನವನ್ನು ಶಾಸನತಜ್ಞ ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದಾಗ ಅದನ್ನು ಓದಲು ಸಾಧ್ಯವಾಯಿತು. ಏಕೆಂದರೆ 1837ರಲ್ಲೇ ಕಲ್ಕತ್ತೆಯ ಟಂಕಸಾಲೆಯ ಅಧಿಕಾರಿ ಜೇಮ್ಸ್ ಪ್ರಿನ್ಸೆಪ್ ಆ ಶಾಸನದ ಬ್ರಾಹ್ಮಿ ಲಿಪಿಯ ಗಂಟು ಬಿಚ್ಚಿದ್ದ. ಸಾಂಚಿಯ ಸ್ತೂಪದ ಕಟಾಂಜನದ ಮೇಲಿನ ಚಿಕ್ಕ ಚಿಕ್ಕ ಬರಹಗಳು ಹೆಚ್ಚುಕಡಿಮೆ ಒಂದೇ ಎರಡು ಅಕ್ಷರಗಳಿಂದ ಮುಗಿಯುವುದನ್ನು ಅವನು ಕಂಡ. ನಮ್ಮೂರಿನ ಗುಡಿಯ ಗಂಟೆಯ ಮೇಲೆ, ಟ್ಯೂಬ್‌ಲೈಟಿನ ಪಟ್ಟಿಯ ಮೇಲೆ ಏನಿರುತ್ತದೆ? ‘ಇಂಥವರ ಸೇವೆ’ ಎಂದಲ್ಲವೇ? ಅವನೂ ಹಾಗೆಯೇ ಯೋಚಿಸಿದ. ಇದು ಭಕ್ತರು ಕೊಟ್ಟದ್ದಾಗಿರಬೇಕು, ಆ ಎರಡಕ್ಷರ ‘ದಾನಂ’ ಆಗಿರಬೇಕು. ಹಾಗಾದರೆ ಅದಕ್ಕೆ ಮುಂಚೆ ಮತ್ತೆ ಮತ್ತೆ ಬರುವ ಅಕ್ಷರ ‘ಇಂಥವರ’ ಎಂಬುದನ್ನು ಸೂಚಿಸುವ ‘ಸ’. ನಿಘಂಟಿಲ್ಲ, ಅರ್ಥದ ಪಟ್ಟಿಯಿಲ್ಲ. ಅಕ್ಕಪಕ್ಕವೇ ಅರ್ಥ ಹೇಳಿಕೊಟ್ಟಿತು.

ಓದುವಾಗ ಮಿದುಳು ಮಾಡುವುದೂ ಇದನ್ನೇ. ಅಕ್ಕನ ಮಗಳಿಗೆ ‘ಡೇಟಾ’ ಎಂದರೆ ಮೊಬೈಲಿಗೆ ಹಾಕಿಸುವ ಪ್ಯಾಕ್. ಪಾಠದಲ್ಲಿ ಅದನ್ನು ಸಂಗ್ರಹಿಸುತ್ತಾರೆ, ಹೋಲಿಸುತ್ತಾರೆ, ವಿಶ್ಲೇಷಿಸುತ್ತಾರೆ. ನಾಲ್ಕು ಕಡೆ ಈ ನೆರೆಹೊರೆ ಕಂಡಮೇಲೆ ಅದು ದತ್ತಾಂಶವೆಂದು ಯಾರೂ ಹೇಳಬೇಕಾಗಿಲ್ಲ. ‘ಸಿಗ್ನಿಫಿಕಂಟ್’ ಇನ್ನೂ ಮೋಸದ ಪದ. ಪಟ್ಟಿಯಲ್ಲಿ ‘ಮಹತ್ವದ’ ಎಂದಿದೆ. ಆದರೆ ಆನ್‌ಲೈನ್ ತರಗತಿಯವರಿಗೂ ಶಾಲೆಗೆ ಬಂದವರಿಗೂ ಅಂಕಗಳಲ್ಲಿ ‘ಸಿಗ್ನಿಫಿಕಂಟ್’ ವ್ಯತ್ಯಾಸವಿದೆ ಎಂದು ಸಂಶೋಧಕರು ಬರೆದರೆ, ನಿಜಕ್ಕೂ ವ್ಯತ್ಯಾಸವೇ ಇಲ್ಲದಿದ್ದರೆ ಇಷ್ಟು ಅಂತರ ಬರೀ ಆಕಸ್ಮಿಕವಾಗಿ ಕಾಣುವ ಸಂಭವ ಕಡಿಮೆ ಎಂದಷ್ಟೇ ಅರ್ಥ. ವ್ಯತ್ಯಾಸ ತೀರ ಚಿಕ್ಕದೂ ಆಗಿರಬಹುದು.

ಒಂದೇ ಓದಿಗೆ ಇದೆಲ್ಲ ದಕ್ಕುವುದಿಲ್ಲ. ಸ್ವಾನ್‌ಬಾರ್ನ್ ಮತ್ತು ಡಿ ಗ್ಲೋಪರ್ ಎಂಬ ಸಂಶೋಧಕರು 20 ಪ್ರಯೋಗಗಳನ್ನು ಒಟ್ಟುಗೂಡಿಸಿ 1999ರಲ್ಲಿ ಲೆಕ್ಕ ಹಾಕಿದಾಗ, ಸಹಜವಾಗಿ ಓದುತ್ತಾ ಹೋಗುವವರು ಎದುರಾದ ನೂರು ಹೊಸ ಪದಗಳಲ್ಲಿ ಕಲಿಯುವುದು ಸುಮಾರು 15 ಎಂದು ಕಂಡುಬಂತು. ನಮ್ಮ ಮಾರಿಕಣಿವೆಯನ್ನೇ ನೋಡಿ. 1907ರಲ್ಲಿ ಕಟ್ಟಿ ಮುಗಿದ ಜಲಾಶಯ ಕೋಡಿ ಬಿದ್ದದ್ದು 1933ರಲ್ಲಿ, ಮತ್ತೆ ಬಿದ್ದದ್ದು 2022ರಲ್ಲಿ. ಒಂದು ಮಳೆಗೆ ಕೆರೆ ತುಂಬುವುದಿಲ್ಲ. ಬಿಡುವೂ ಬೇಕು. ಬೆಣ್ಣೆದೋಸೆಯ ಹಿಟ್ಟನ್ನು ರುಬ್ಬಿದ ಕೂಡಲೇ ಕಾವಲಿಗೆ ಹುಯ್ಯುವವರುಂಟೇ? ರಾತ್ರಿ ಕಳೆದು ಹುಳಿ ಬರಬೇಕು. ನಿದ್ದೆಯಲ್ಲಿ ನೆನಪು ಗಟ್ಟಿಯಾಗುವುದೂ ಹಾಗೆಯೇ. ಒಂದೇ ದಿನ ಹತ್ತು ಸಲ ಬರೆಯುವುದಕ್ಕಿಂತ ಹತ್ತು ದಿನ ಒಂದೊಂದು ಸಲ ಎದುರಾಗುವುದು ಮೇಲು.

ಇಷ್ಟೊಂದು ಪದಗಳನ್ನು ಇಷ್ಟು ಸಲ ಎಲ್ಲಿ ಕಾಣುವುದು ಎಂದು ಹೆದರಬೇಕಾಗಿಲ್ಲ. ಢಾಕಾದಲ್ಲಿ ಬಂಗಾಳಿ ಮಕ್ಕಳ ಇಂಗ್ಲಿಷ್ ಓದಿನ ಕಷ್ಟವನ್ನು ಹತ್ತಿರದಿಂದ ಕಂಡ ಮೈಕೆಲ್ ವೆಸ್ಟ್, ಹೆಚ್ಚು ಬಳಕೆಯ ಸುಮಾರು 2000 ಪದಗಳ ಪಟ್ಟಿಯನ್ನು 1953ರಲ್ಲಿ ಹೊರತಂದ. ನ್ಯೂಜಿಲೆಂಡಿನ ಅವೆರಿಲ್ ಕಾಕ್ಸ್‌ಹೆಡ್ ಆ ಪಟ್ಟಿಯ ಆಚೆಗೆ ಹೋಗಿ, ಸುಮಾರು 35 ಲಕ್ಷ ಪದಗಳಷ್ಟು ಶೈಕ್ಷಣಿಕ ಬರಹವನ್ನು ಜರಡಿ ಹಿಡಿದು 2000ದಲ್ಲಿ 570 ಪದಕುಟುಂಬಗಳನ್ನು, ಅಂದರೆ ಒಂದೇ ಬೇರಿನ ಪದಗಳ ಗುಂಪುಗಳನ್ನು, ಆಯ್ದರು. ಅಂಥ ಬರಹದಲ್ಲಿ ಹತ್ತಕ್ಕೆ ಒಂದು ಪದ ಈ 570ರ ಬಳಗದ್ದೇ! ಒಂದೇ ವಿಷಯದ ಮೇಲೆ ನಾಲ್ಕು ಲೇಖನ ಓದಿದರೆ ಅವೇ ಮುಖಗಳು ಮತ್ತೆ ಮತ್ತೆ ಎದುರಾಗುತ್ತವೆ.

ಆದರೆ ಲೇಖನ ಹಿಡಿತಕ್ಕೆ ಸಿಗುವಂತಿರಬೇಕು. ನೆರವಿಲ್ಲದೆ ಅರ್ಥಮಾಡಿಕೊಂಡು ಓದಲು ಐವತ್ತು ಪದಗಳಲ್ಲಿ ನಲವತ್ತೊಂಬತ್ತಾದರೂ ಗೊತ್ತಿರಬೇಕು ಎಂಬುದು ಈ ಕ್ಷೇತ್ರದ ಸಂಶೋಧಕರು ಸಾಮಾನ್ಯವಾಗಿ ಹಿಡಿಯುವ ಅಳತೆ. ಇವಳ ಪಾಠದಲ್ಲಿ ಹದಿನೈದು ಪದಕ್ಕೊಂದು ಕಲ್ಲು ಎಡವುತ್ತಿತ್ತು. ಅದನ್ನು ಬದಿಗಿಟ್ಟು, ಹಳ್ಳಿ ಶಾಲೆಯ ಕಂಪ್ಯೂಟರ್, ಮಕ್ಕಳ ಕೈಯಲ್ಲಿನ ಮೊಬೈಲ್, ಸ್ಮಾರ್ಟ್ ತರಗತಿ ಕುರಿತ ಮೂರು ಸರಳ ಬರಹಗಳನ್ನು ಕೊಟ್ಟೆ. ಓದಿ ಮುಗಿಸಿದ ಮೇಲೆ ಪುಸ್ತಕ ಮುಚ್ಚಿ ನೆನಪಿನಿಂದ ಹೇಳು ಎಂದೆ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದಂತೆ, ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರ ಮುಂದಿರುತ್ತಾರೆ. ವಾರ ಕಳೆದರೆ ನೆನಪಿನಿಂದ ಹೊರತೆಗೆದು ನೋಡಿದವರೇ ಮುಂದೆ.

ಮೊನ್ನೆ ಹೋದಾಗ ಅವಳು ಮನೆಯ ಕಂದಾಯದ ರಸೀದಿ ಹಿಡಿದು ಬಂದಳು. “ಮಾಮ, ಇಲ್ಲಿ ಅಸೆಸ್‌ಮೆಂಟ್ ಸಂಖ್ಯೆ ಎಂದಿದೆ. ಪಾಠದಲ್ಲಿ ಅಸೆಸ್‌ಮೆಂಟ್ ಎಂದರೆ ಪರೀಕ್ಷೆ. ಮನೆಗೆ ಯಾವ ಪರೀಕ್ಷೆ?” ನಾನು ಬಾಯಿ ತೆರೆಯುವ ಮೊದಲೇ ಅವಳೇ ಹೇಳಿದಳು: “ಎರಡೂ ಕಡೆ ಬೆಲೆ ಕಟ್ಟುತ್ತಾರೆ, ಅಲ್ಲವೇ?”