ಮನವಿಯ ಒಂದನೇ ಬೇಡಿಕೆ

ಹೋರಾಟದ ಹುಡುಗರು ಡಿಸಿಗೆ ಕೊಡುವ ಮನವಿಯನ್ನು ಮೊದಲು ನನ್ನ ಹತ್ತಿರ ತರುತ್ತಾರೆ. "ಸಾರ್, ಕಾನೂನಿನ ಮಾತು ಸರಿ ಇದೆಯಾ ನೋಡಿ ಕೊಡಿ." ಎಷ್ಟೋ ವರ್ಷದಿಂದ ನೋಡಿ ಕೊಡುತ್ತಿದ್ದೇನೆ. ಹುಡುಗರು ಬದಲಾಗುತ್ತಾರೆ, ಒಂದನೇ ಬೇಡಿಕೆ ಮಾತ್ರ ಅದೇ: ದಲಿತರ ಮೇಲಿನ ದೌರ್ಜನ್ಯಕ್ಕೆ ಶಿಕ್ಷೆ ಜಾಸ್ತಿ ಮಾಡಬೇಕು.

ಸಿಟ್ಟು ನನಗೂ ಇದೆ. ಆದರೆ ನಾನು ಕಂಡಂತೆ, ಶಿಕ್ಷೆ ಕಡಿಮೆ ಇದೆ ಅಂತ ಯಾವ ಕೇಸೂ ಸೋತಿಲ್ಲ. ಸೋಲುವುದು ಠಾಣೆಯ ಮೇಜಿನ ಮೇಲೆ, ಮೊದಲ ದಿನವೇ.

1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯಲ್ಲಿ ಆರು ತಿಂಗಳವರೆಗೆ ಜೈಲು ಇತ್ತು. 1976ರಲ್ಲಿ ಕಾಯ್ದೆಯ ಹೆಸರು ಬದಲಾಯಿತು, ಕನಿಷ್ಠ ಒಂದು ತಿಂಗಳು ಅಂತ ಸೇರಿತು. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಶಿಕ್ಷೆ ಇನ್ನೂ ಏರಿತು. ಇದನ್ನೆಲ್ಲ ಹುಡುಗರು ಬಾಯಿಪಾಠ ಹೇಳುತ್ತಾರೆ. 2015ರ ತಿದ್ದುಪಡಿಯಲ್ಲಿ ಇದೇ ಕಾಯ್ದೆಯ 4ನೇ ಕಲಮನ್ನು, ಅಂದರೆ ಅಧಿಕಾರಿಗಳ ಕರ್ತವ್ಯವನ್ನು, ಬಿಡಿಸಿ ಬರೆದಿದ್ದು ಮಾತ್ರ ಯಾರಿಗೂ ನೆನಪಿರುವುದಿಲ್ಲ. ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡ ಅಧಿಕಾರಿ, ಸಹಿ ಹಾಕಿಸುವ ಮೊದಲು ಅದನ್ನು ಓದಿ ಹೇಳಬೇಕು. ಪ್ರತಿ ಕೊಡಬೇಕು. 60 ದಿನದೊಳಗೆ ದೋಷಾರೋಪ ಪಟ್ಟಿ ಹಾಕಬೇಕು. ಪರಿಶಿಷ್ಟ ಜಾತಿ, ಪಂಗಡಕ್ಕೆ ಸೇರದ ಅಧಿಕಾರಿ ಬೇಕಂತಲೇ ಇದನ್ನು ಮಾಡದಿದ್ದರೆ ಆರು ತಿಂಗಳಿಂದ ಒಂದು ವರ್ಷ ಜೈಲು.

ಓದಿ ಹೇಳುವುದು ಏನು ಮಹಾ, ಅಲ್ವಾ? ಒಮ್ಮೆ ಒಬ್ಬ ಅಜ್ಜಿಯ ಜೊತೆ ಠಾಣೆಗೆ ಹೋಗಿದ್ದೆ. ಬರೆದು ಮುಗಿಸಿದವರು ಸ್ಟಾಂಪ್ ಪ್ಯಾಡನ್ನು ಅವರ ಮುಂದೆ ತಳ್ಳಿದರು. "ಓದಿಬಿಡಿ ಸಾರ್" ಅಂದೆ. ಒಲ್ಲದ ಮನಸ್ಸಿನಿಂದ ಓದಿದರು: "ನಲ್ಲಿ ನೀರಿನ ವಿಚಾರವಾಗಿ ಮಾತಿಗೆ ಮಾತು ಬೆಳೆದು..." ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡಿದ್ದ ಅಜ್ಜಿ ಕೈ ಹಿಂದಕ್ಕೆ ತೆಗೆದುಕೊಂಡರು. "ನಾನೆಲ್ಲಪ್ಪ ಮಾತು ಬೆಳೆಸಿದೆ? ಜಾತಿ ಹೆಸರು ಹಿಡಿದು ಬೈದು ಕೊಡ ಒದ್ದರು ಅಂತ ತಾನೇ ಹೇಳಿದ್ದು?"

ಬೇರೆ ಹಾಳೆ ತರಿಸಿದರು. ಎಲ್ಲರೆದುರು ಜಾತಿ ಹಿಡಿದು ಬೈದ ಮಾತು ದೂರಿನಲ್ಲೇ ಇಲ್ಲದಿದ್ದರೆ ಅದು ಬರೀ ನಲ್ಲಿ ಜಗಳ. ಆಮೇಲೆ ಕಾಯ್ದೆಯಲ್ಲಿ ಎಷ್ಟೇ ವರ್ಷ ಶಿಕ್ಷೆ ಇದ್ದರೂ ನಾನು ಕೋರ್ಟಿನಲ್ಲಿ ಏನು ಮಾಡಲಿ?

ಹಾಗಂತ ನಾಳೆಯೇ ಠಾಣೆಗೆ ಹೋಗಿ 4ನೇ ಕಲಂ ಅಂತ ಕೂಗಾಡಬೇಡಿ. ಅಧಿಕಾರಿಯ ಮೇಲೆ ಕೇಸು ಹಾಕಲು ಮೊದಲು ಆಡಳಿತಾತ್ಮಕ ವಿಚಾರಣೆಯ ಶಿಫಾರಸು ಬೇಕು. ಅದು ಸುಲಭಕ್ಕೆ ಬರುವುದಿಲ್ಲ. ಅದಕ್ಕೇ ಠಾಣೆ ಕೊಟ್ಟ ಹಿಂಬರಹ, ತಾರೀಕು, ಅರ್ಜಿಯ ಪ್ರತಿ ಎಲ್ಲ ಜೋಪಾನ ಮಾಡಿ.

ಹುಡುಗರಲ್ಲಿ ಒಬ್ಬನಿಗೆ ಈ ಮಾತೇ ಸೇರುವುದಿಲ್ಲ. ಒಳ್ಳೆಯ ಹುಡುಗ, ತುಂಬ ಓದಿದ್ದಾನೆ. "ಇದೆಲ್ಲ ತೇಪೆ ಸಾರ್. ತಿದ್ದುಪಡಿಯಿಂದ ಜಾತಿ ಹೋಗುತ್ತಾ?" ಹೋಗುವುದಿಲ್ಲ ಮಾರಾಯ. ಆದರೆ ಮಹಾರಾಷ್ಟ್ರದ ಮಹಾಡ್ ಊರಿನ ಕೆರೆ ಹೋರಾಟ ನೆನಪು ಮಾಡಿಕೊ. ಸರ್ಕಾರಿ ಹಣದ ಕೆರೆ, ಬಾವಿ ಅಸ್ಪೃಶ್ಯರಿಗೂ ಸೇರಿದ್ದು ಅಂತ ಮುಂಬೈ ಶಾಸನ ಪರಿಷತ್ತು ನಿರ್ಣಯ ಮಾಡಿದ್ದು 1923ರಲ್ಲಿ. ಮರುವರ್ಷ ಮಹಾಡ್ ಪುರಸಭೆಯೂ ಚವದಾರ್ ಕೆರೆ ಎಲ್ಲರಿಗೂ ಅಂದಿತು. ಆದರೂ ದಲಿತರಿಗೆ ಒಂದು ಬೊಗಸೆ ನೀರು ಸಿಗಲಿಲ್ಲ. ಅಂಬೇಡ್ಕರ್ ಆ ಕಾಗದವನ್ನು ತೇಪೆ ಅಂತ ಬಿಸಾಡಲಿಲ್ಲ. 1927ರ ಮಾರ್ಚ್ 20ರಂದು ಸಾವಿರಾರು ಜನರ ಜೊತೆ ನಡೆದು ಹೋಗಿ ನೀರು ಕುಡಿದರು. ಹಲ್ಲೆ ಆಯಿತು, ಕೇಸು ಬಿತ್ತು, ಹೈಕೋರ್ಟಿನಲ್ಲಿ ಗೆದ್ದಾಗ 1937. ಪುರಸಭೆಯ ನಿರ್ಣಯ ಇದ್ದಿದ್ದಕ್ಕೇ ಅವರು ಯಾರದೋ ಕೆರೆಗೆ ನುಗ್ಗಿದವರಲ್ಲ, ತಮ್ಮ ಕೆರೆಗೆ ಹೋದವರು.

ಆ ಹುಡುಗ ಮೊನ್ನೆ ಹೊಸ ಮನವಿ ತಂದಿದ್ದ. ಆರನೇ ಬೇಡಿಕೆ: 4ನೇ ಕಲಮಿನ ಅಡಿ ಜಿಲ್ಲೆಯಲ್ಲಿ ಎಷ್ಟು ವಿಚಾರಣೆ ನಡೆದಿದೆ, ಠಾಣಾವಾರು ಪಟ್ಟಿ ಕೊಡಿ. ಒಂದನೆಯದು ಉಗ್ರ ಶಿಕ್ಷೆಯೇ. ನಾನೂ ಅದನ್ನು ಹೊಡೆದು ಹಾಕಲಿಲ್ಲ, ಆರನೆಯದನ್ನು ಮಾತ್ರ ಮೇಲಕ್ಕೆ ತಂದೆ.