ಹಿಡಿದುಕೊಟ್ಟರೆ ಹತ್ತು ಡಾಲರ್, ಬಿಟ್ಟರೆ ಐದು

1850ರ ಸೆಪ್ಟೆಂಬರ್ 18ರಂದು ಅಮೆರಿಕದ ಅಧ್ಯಕ್ಷ ಮಿಲಾರ್ಡ್ ಫಿಲ್ಮೋರ್ ಒಂದು ಕಾಯ್ದೆಗೆ ಸಹಿ ಹಾಕಿದರು. ತಪ್ಪಿಸಿಕೊಂಡು ಹೋದ ಗುಲಾಮರನ್ನು ಹಿಡಿದು ಮಾಲೀಕರಿಗೆ ಒಪ್ಪಿಸುವ ಕಾಯ್ದೆ ಅದು. ಹತ್ತೇ ಕಲಂ. ಎಂಟನೆಯದು ಫೀಸಿನ ವಿಚಾರ. ವಿಚಾರಣೆ ಮಾಡುವ ಕಮಿಷನರ್ ‘ಇವನು ಗುಲಾಮನೇ, ಕರೆದುಕೊಂಡು ಹೋಗಿ’ ಎಂದು ಸರ್ಟಿಫಿಕೇಟ್ ಕೊಟ್ಟರೆ ಅವನಿಗೆ 10 ಡಾಲರ್. ‘ಪುರಾವೆ ಸಾಲದು, ಬಿಟ್ಟುಬಿಡಿ’ ಎಂದರೆ 5 ಡಾಲರ್. ಎರಡರಲ್ಲಿ ಯಾವುದಾದರೂ ದುಡ್ಡು ಕೊಡಬೇಕಾದವನು ಮಾಲೀಕನ ಕಡೆಯವನು. ಒಪ್ಪಿಸುವ ಆದೇಶಕ್ಕೆ ಬರವಣಿಗೆ ಕೆಲಸ ಜಾಸ್ತಿ, ಅದಕ್ಕೇ ಫೀಸೂ ಜಾಸ್ತಿ ಎಂದು ಕಾಯ್ದೆ ತಂದವರು ಸಮಜಾಯಿಷಿ ಕೊಟ್ಟರು. ಕೋರ್ಟ್ ಆವರಣದಲ್ಲಿ ಒಂದು ತಿಂಗಳು ಓಡಾಡಿದವರೂ ಇದನ್ನು ಕೇಳಿ ನಗುತ್ತಾರೆ.

ನನ್ನ ಆಫೀಸಿಗೆ ಬರುವ ಜೂನಿಯರ್‌ಗಳಿಗೆ ನಾನು ಹೇಳುವುದಿಷ್ಟು. ಹೊಸ ಕಾಯ್ದೆ ಕೈಗೆ ಬಂದರೆ ಪೀಠಿಕೆ ಆಮೇಲೆ ಓದಿ, ಮೊದಲು ಪ್ರೊಸೀಜರ್ ನೋಡಿ. ಸಾಕ್ಷಿ ಹೇಳಲು ಯಾರಿಗೆ ಅವಕಾಶ, ಪುರಾವೆಯ ಹೊಣೆ ಯಾರ ಮೇಲೆ, ಅಪೀಲು ಎಲ್ಲಿಗೆ, ದುಡ್ಡು ಯಾರ ಜೇಬಿಗೆ. ಕಾಯ್ದೆಯ ಬುದ್ಧಿ ಇರುವುದು ಅಲ್ಲೇ. ಇತ್ತೀಚೆಗೆ ಮೊಬೈಲಿನಲ್ಲಿ ವಿಡಿಯೋ ನೋಡಿ ಬರುವ ಹುಡುಗರು ಒಂದು ವಾದ ಹೂಡುತ್ತಾರೆ: ‘ಅಮೆರಿಕದ ಅಂತರ್ಯುದ್ಧ ಗುಲಾಮಗಿರಿಗಾಗಿ ನಡೆದಿದ್ದಲ್ಲ ಸರ್, ರಾಜ್ಯಗಳ ಹಕ್ಕಿಗಾಗಿ.’ ನಾನು ಜಗಳಕ್ಕೆ ಇಳಿಯುವುದಿಲ್ಲ. ಈ ಕಾಯ್ದೆಯ ಪ್ರತಿ ಕೈಗಿಟ್ಟು, ಓದಿಕೊಂಡು ಬಾ ಮಾರಾಯ ಅನ್ನುತ್ತೇನೆ. ರಾಜ್ಯದ ಹಕ್ಕನ್ನು ತುಳಿಯಿರಿ ಎಂದು ಕೇಂದ್ರದ ಬಾಗಿಲು ಬಡಿದವರು ಯಾರು ಅಂತ ಅದರಲ್ಲಿದೆ.

ಜಗಳದ ಬೇರು ಸಂವಿಧಾನದಲ್ಲೇ ಇತ್ತು. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಕುಳಿತವರು ದಕ್ಷಿಣದ ರಾಜ್ಯಗಳನ್ನು ಒಕ್ಕೂಟದಲ್ಲಿ ಉಳಿಸಿಕೊಳ್ಳಲು ಕೆಲವು ರಿಯಾಯಿತಿ ಕೊಟ್ಟರು. ಪ್ರತಿನಿಧಿ ಸಭೆಯ ಸೀಟು ಹಂಚುವಾಗ ಐದು ಗುಲಾಮರನ್ನು ಮೂರು ಜನ ಎಂದು ಎಣಿಸಬೇಕು. ಗುಲಾಮನಿಗೆ ಓಟಿಲ್ಲ, ಅವನ ಲೆಕ್ಕದ ಸೀಟು ಮಾತ್ರ ಮಾಲೀಕರ ರಾಜ್ಯಕ್ಕೆ. ಇನ್ನೊಂದು, ತಪ್ಪಿಸಿಕೊಂಡು ಬೇರೆ ರಾಜ್ಯ ಸೇರಿದವನನ್ನು ವಾಪಸ್ ಒಪ್ಪಿಸಬೇಕು. ಒಪ್ಪಿಸಬೇಕಾದವರು ಯಾರು, ಹೇಗೆ ಎಂದು ಬರೆಯಲಿಲ್ಲ. ಡ್ರಾಫ್ಟಿಂಗ್ ಮಾಡುವವರಿಗೆ ಗೊತ್ತು, ಹೀಗೆ ಖಾಲಿ ಬಿಟ್ಟ ಜಾಗದಲ್ಲೇ ಮುಂದೆ ವ್ಯಾಜ್ಯ ಹುಟ್ಟುವುದು.

ಗುಲಾಮಗಿರಿ ತಾನಾಗಿಯೇ ಸವೆದು ಹೋಗುತ್ತದೆ ಎಂದು ಆಗ ಹಲವರು ನಂಬಿದ್ದರು. 1793ರಲ್ಲಿ ಹತ್ತಿ ಬೀಜ ಬಿಡಿಸುವ ಎಲೈ ವಿಟ್ನಿಯ ಜಿನ್ ಎಂಬ ಯಂತ್ರ ಬಂತು, ಹತ್ತಿ ಬೆಳೆ ಲಾಭದ್ದಾಯಿತು, ಲೆಕ್ಕ ತಿರುಗಿತು. 1790ರಲ್ಲಿ ಸುಮಾರು 7 ಲಕ್ಷ ಇದ್ದ ಗುಲಾಮರು 1860ಕ್ಕೆ 40 ಲಕ್ಷದ ಹತ್ತಿರ. (ಆ ಹತ್ತಿಯ ಬೀಜ ನಮ್ಮ ಧಾರವಾಡ ಸೀಮೆಗೂ ಬಂದಿತ್ತು. ಮುಂದೆ ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಮೆರಿಕದ ಹತ್ತಿ ನಿಂತಾಗ ನಮ್ಮ ರೈತರು ‘ಧಾರವಾಡ ಅಮೆರಿಕನ್’ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಕಂಡರು.)

ಹೊಸ ರಾಜ್ಯ ಸೇರುವಾಗಲೆಲ್ಲ ಗಲಾಟೆ. ಮೇಲ್ಮನೆಯಾದ ಸೆನೆಟ್‌ನಲ್ಲಿ ಪ್ರತಿ ರಾಜ್ಯಕ್ಕೂ ಎರಡೇ ಸೀಟು, ಹಾಗಾಗಿ ಗುಲಾಮಗಿರಿ ಇರುವ ‘ಗುಲಾಮ ರಾಜ್ಯ’ ಎಷ್ಟು, ಇಲ್ಲದ ‘ಸ್ವತಂತ್ರ ರಾಜ್ಯ’ ಎಷ್ಟು ಎಂಬುದೇ ದೊಡ್ಡ ಲೆಕ್ಕ. 1820ರಲ್ಲಿ ಮಿಸೌರಿಯನ್ನು ಗುಲಾಮ ರಾಜ್ಯವಾಗಿ, ಮೇಯ್ನ್ ಅನ್ನು ಸ್ವತಂತ್ರ ರಾಜ್ಯವಾಗಿ ಸೇರಿಸಲು ಒಪ್ಪಿ 12ಕ್ಕೆ 12 ಸಮ ಮಾಡಿದರು. ಪಶ್ಚಿಮದ ಉಳಿದ ನೆಲದಲ್ಲಿ 36 ಡಿಗ್ರಿ 30 ನಿಮಿಷ ಅಕ್ಷಾಂಶದ ಉತ್ತರಕ್ಕೆ ಗುಲಾಮಗಿರಿ ಇಲ್ಲ ಎಂದು ಗೆರೆ ಎಳೆದರು. ಮೂವತ್ತು ವರ್ಷ ಆ ಗೆರೆ ಹೇಗೋ ನಡೆಯಿತು.

ಇಲ್ಲಿ ನಮಗೂ ಅಮೆರಿಕಕ್ಕೂ ಇರುವ ಒಂದು ವ್ಯತ್ಯಾಸ ಗೊತ್ತಿರಬೇಕು. ನಮ್ಮಲ್ಲಿ ಸಂಸತ್ತು ಮಾಡಿದ ಕಾಯ್ದೆಯನ್ನೂ ಜಾರಿ ಮಾಡುವವರು ಬಹುಪಾಲು ರಾಜ್ಯದ ಪೊಲೀಸರೇ, ಕೇಸು ನಡೆಯುವುದೂ ಅದೇ ತಾಲ್ಲೂಕು ಕೋರ್ಟಿನಲ್ಲಿ. ಅಮೆರಿಕದಲ್ಲಿ ಕೇಂದ್ರದ ಮಾರ್ಷಲ್, ಕೇಂದ್ರದ ಕೋರ್ಟು ಬೇರೆ, ರಾಜ್ಯದ್ದು ಬೇರೆ. 1842ರಲ್ಲಿ ಪ್ರಿಗ್ ಎಂಬ ಗುಲಾಮ ಹಿಡಿಯುವವನ ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ಮಾರ್ಗರೆಟ್ ಮಾರ್ಗನ್ ಎಂಬ ಹೆಂಗಸನ್ನೂ ಅವಳ ಮಕ್ಕಳನ್ನೂ ಪೆನ್ಸಿಲ್ವೇನಿಯಾದಿಂದ ಹೊತ್ತೊಯ್ದಿದ್ದ ಆಸಾಮಿ. ತೀರ್ಪು ಅವನ ಪರವಾಗಿಯೇ ಬಂತು. ಆದರೆ ನ್ಯಾಯಮೂರ್ತಿ ಜೋಸೆಫ್ ಸ್ಟೋರಿ ಒಂದು ಮಾತು ಸೇರಿಸಿದರು: ಇದು ಕೇಂದ್ರದ ಕೆಲಸ, ರಾಜ್ಯದ ಅಧಿಕಾರಿಗಳನ್ನು ಇದಕ್ಕೆ ಬಲವಂತ ಮಾಡುವಂತಿಲ್ಲ. ಉತ್ತರದ ರಾಜ್ಯಗಳಿಗೆ ಅಷ್ಟೇ ಸಾಕಾಯಿತು. ನಮ್ಮ ಜೈಲು ಕೊಡಲ್ಲ, ನಮ್ಮ ಪೊಲೀಸರು ಬರಲ್ಲ ಎಂದು ಒಂದೊಂದಾಗಿ ಕಾನೂನು ಮಾಡಿದವು.

ದಕ್ಷಿಣದವರು ಸುಮ್ನೆ ಕೂರಲಿಲ್ಲ. ಮೆಕ್ಸಿಕೋ ಜೊತೆಗಿನ ಯುದ್ಧ ಗೆದ್ದು 1848ರಲ್ಲಿ ಪಶ್ಚಿಮದ ದೊಡ್ಡ ನೆಲ ಕೈಗೆ ಬಂದಿತ್ತು. ಚಿನ್ನ ಸಿಕ್ಕಿದ ಕ್ಯಾಲಿಫೋರ್ನಿಯಾ ಸ್ವತಂತ್ರ ರಾಜ್ಯವಾಗಿ ಸೇರಲು ಸಾಲಲ್ಲಿ ನಿಂತಿತ್ತು. ಅದಕ್ಕೆ ಒಪ್ಪಬೇಕಾದರೆ ನಮಗೇನು ಕೊಡುತ್ತೀರಿ ಎಂದರು. ಸೆನೆಟರ್ ಹೆನ್ರಿ ಕ್ಲೇ ಹೆಣೆದ, ಸೆನೆಟರ್ ಸ್ಟೀಫನ್ ಡಗ್ಲಾಸ್ ಬಿಡಿಬಿಡಿಯಾಗಿ ಪಾಸು ಮಾಡಿಸಿದ 1850ರ ಒಪ್ಪಂದದಲ್ಲಿ ಅವರಿಗೆ ಸಿಕ್ಕ ದೊಡ್ಡ ಗಂಟು ಈ ಕಾಯ್ದೆ. ಕರಡು ವರ್ಜೀನಿಯಾದ ಸೆನೆಟರ್ ಜೇಮ್ಸ್ ಮೇಸನ್ ಅವರದು.

ಈಗ ಉಳಿದ ಕಲಂಗಳನ್ನು ನೋಡಿ. ಐದನೆಯದರ ಪ್ರಕಾರ ಕಾರ್ಯಾಚರಣೆಗೆ ನೆರವಾಗಿ ಎಂದು ದಾರಿಯಲ್ಲಿ ನಿಂತ ಯಾರನ್ನಾದರೂ ಕರೆಯಬಹುದು, ‘ಎಲ್ಲ ಒಳ್ಳೆಯ ನಾಗರಿಕರು’ ಬರಲೇಬೇಕು. ಸಿಕ್ಕಿಬಿದ್ದವನು ಮಾರ್ಷಲ್ ಕೈಯಿಂದ ತಪ್ಪಿಸಿಕೊಂಡರೆ ಆ ಗುಲಾಮನ ಪೂರ್ತಿ ಬೆಲೆ ಮಾರ್ಷಲ್ಲೇ ಕಟ್ಟಬೇಕು. ಆರನೆಯದು ನಾನು ಜೂನಿಯರ್‌ಗಳಿಂದ ಎರಡು ಸಲ ಓದಿಸುವ ಕಲಂ. ಮಾಲೀಕ ತನ್ನ ಊರಿನ ಕೋರ್ಟಿನಲ್ಲಿ ಮಾಡಿಸಿಕೊಂಡು ಬಂದ ಅಫಿಡವಿಟ್ ಪುರಾವೆ ಆಗುತ್ತದೆ. ಗುಲಾಮ ಎಂದು ಸಿಕ್ಕಿಬಿದ್ದವನ ಸಾಕ್ಷ್ಯವನ್ನು ಮಾತ್ರ ತೆಗೆದುಕೊಳ್ಳುವಂತಿಲ್ಲ. ಜ್ಯೂರಿ ಇಲ್ಲ. ಸರ್ಟಿಫಿಕೇಟ್ ಒಮ್ಮೆ ಆದರೆ ಬೇರೆ ಯಾವ ಕೋರ್ಟೂ ಅಡ್ಡ ಬರುವಂತಿಲ್ಲ. ಏಳನೆಯದು ಅನ್ನ ಹಾಕಿ ಬಚ್ಚಿಟ್ಟವರಿಗೆ: 1,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು. ಅದರ ಮೇಲೆ ಮಾಲೀಕನಿಗೆ ತಲೆಗೆ 1,000 ಡಾಲರ್ ನಷ್ಟ ಪರಿಹಾರ.

ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿನಿಂದ ಸ್ವತಂತ್ರನಾದ ಒಬ್ಬ ಕಪ್ಪು ಮನುಷ್ಯನನ್ನು ನೆನೆಸಿಕೊಳ್ಳಿ. ಅಪರಿಚಿತನೊಬ್ಬ ಬಂದು ‘ಇವನು ನನ್ನವನು’ ಎಂದರೆ, ‘ಅಲ್ಲ’ ಎಂದು ಹೇಳುವ ಹಕ್ಕೂ ಆ ಕೋರ್ಟಿನಲ್ಲಿ ಅವನಿಗಿಲ್ಲ.

ಕಾಗದದ ಮೇಲಿನ ಈ ಮಾತು ಬಾಸ್ಟನ್ನಿನ ಬೀದಿಯಲ್ಲಿ ಹೇಗೆ ಕಂಡಿತು ಎಂದು ತಿಳಿಯಲು ಆಂಥನಿ ಬರ್ನ್ಸ್ ಕೇಸು ನೋಡಬೇಕು. ಬರ್ನ್ಸ್‌ಗೆ ಆಗ ಸುಮಾರು ಇಪ್ಪತ್ತು. 1854ರ ಆರಂಭದಲ್ಲಿ ವರ್ಜೀನಿಯಾದ ರಿಚ್ಮಂಡ್‌ನಿಂದ ಹಡಗಿನಲ್ಲಿ ಅಡಗಿ ಬಾಸ್ಟನ್ ಸೇರಿ, ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅಣ್ಣನಿಗೆ ಬರೆದ ಕಾಗದ ಮಾಲೀಕನ ಕೈಗೆ ಬಿತ್ತು. ಮೇ 24ರ ಸಂಜೆ ಒಡವೆ ಅಂಗಡಿ ಕಳ್ಳತನದ ನೆಪ ಹೇಳಿ ಹಿಡಿದರು. ಆ ರಾತ್ರಿಯೇ ಮಾಲೀಕ ಚಾರ್ಲ್ಸ್ ಸಟಲ್ ಕೋರ್ಟ್ ಕಟ್ಟಡಕ್ಕೆ ಬಂದು ಮಾತಾಡಿಸಿದ. ಬೆಚ್ಚಿಬಿದ್ದ ಹುಡುಗ ಅಭ್ಯಾಸಬಲದಿಂದ ‘ಯಜಮಾನರೇ’ ಎಂದೇ ಉತ್ತರ ಕೊಟ್ಟ.

ಎರಡು ದಿನದ ಮೇಲೆ ಜನ ಕೋರ್ಟಿನ ಬಾಗಿಲು ಮುರಿಯಲು ನುಗ್ಗಿದರು. ಒಬ್ಬ ಕಾವಲುಗಾರ ಸತ್ತ. ಕಾನೂನು ಜಾರಿ ಆಗಲೇಬೇಕು ಎಂದು ಅಧ್ಯಕ್ಷ ಫ್ರಾಂಕ್ಲಿನ್ ಪಿಯರ್ಸ್ ಕಡೆಯಿಂದ ತಂತಿ ಬಂತು.

ಬರ್ನ್ಸ್ ಪರ ನಿಂತವರಲ್ಲಿ ರಿಚರ್ಡ್ ಹೆನ್ರಿ ಡೇನಾ ಒಬ್ಬರು, ಒಳ್ಳೆಯ ವಕೀಲರು. ವಾದಿಯ ಸಾಕ್ಷಿಯ ಪ್ರಕಾರ ಬರ್ನ್ಸ್ ರಿಚ್ಮಂಡ್‌ನಿಂದ ತಪ್ಪಿಸಿಕೊಂಡದ್ದು ಮಾರ್ಚ್ 24ಕ್ಕೆ. ಪ್ರತಿವಾದಿ ಕಡೆಯಿಂದ ಹಲವು ಸಾಕ್ಷಿಗಳು ಬಂದು, ಮಾರ್ಚ್ ಮೊದಲ ವಾರಗಳಲ್ಲೇ ಅವನು ಬಾಸ್ಟನ್ನಿನಲ್ಲಿ ಕೆಲಸ ಮಾಡುತ್ತಿದ್ದುದನ್ನು ಕಂಡಿದ್ದೇವೆ ಎಂದರು. ನಮ್ಮ ಯಾವ ಮ್ಯಾಜಿಸ್ಟ್ರೇಟ್ ಮುಂದೆ ಇಟ್ಟರೂ ಸಂಶಯದ ಲಾಭ ಸಿಗುವ ಕೇಸು. ಕಮಿಷನರ್ ಎಡ್ವರ್ಡ್ ಲೋರಿಂಗ್ ಏನು ಮಾಡಿದರು ಗೊತ್ತಾ? ಸಾಕ್ಷ್ಯಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ, ಹಾಗಾಗಿ ಬಂಧನದ ರಾತ್ರಿ ಬರ್ನ್ಸ್ ಮಾಲೀಕನ ಜೊತೆ ಆಡಿದ ಮಾತನ್ನೇ ನಂಬುತ್ತೇನೆ ಎಂದರು. ಅವನು ಕಟಕಟೆಯಲ್ಲಿ ನಿಂತು ತನ್ನ ಪರ ಮಾತಾಡುವಂತಿಲ್ಲ. ಬೇಡಿ ಹಾಕಿದ ಕೈಯಲ್ಲಿ, ಹೆದರಿ ಆಡಿದ ಮಾತು ಮಾತ್ರ ಅವನ ವಿರುದ್ಧ ಪುರಾವೆ! ಡೇನಾ ಇದನ್ನು ಎತ್ತಿ ತೋರಿಸಿದರು, ಉಪಯೋಗ ಆಗಲಿಲ್ಲ.

ಜೂನ್ 2ರಂದು ಬರ್ನ್ಸ್‌ನನ್ನು ಬಂದರಿಗೆ ನಡೆಸಿಕೊಂಡು ಹೋದರು. ಸುತ್ತ ಸೈನಿಕರು, ಜೊತೆಗೆ ಒಂದು ಫಿರಂಗಿ. ರಸ್ತೆಯ ಎರಡೂ ಕಡೆ ಸುಮಾರು 50,000 ಜನ. ಅಂಗಡಿ ಆಫೀಸುಗಳಿಗೆ ಕಪ್ಪು ಬಟ್ಟೆ ಕಟ್ಟಿದ್ದರು. ಒಂದು ಬೀದಿಗೆ ಅಡ್ಡಲಾಗಿ ‘ಸ್ವಾತಂತ್ರ್ಯ’ ಎಂದು ಬರೆದ ಶವಪೆಟ್ಟಿಗೆ ತೂಗುಹಾಕಿದ್ದರು. ಒಬ್ಬ ಹುಡುಗನನ್ನು ವಾಪಸ್ ಕಳಿಸಲು ಸರ್ಕಾರಕ್ಕೆ ತಗುಲಿದ ಖರ್ಚು ಹತ್ತಾರು ಸಾವಿರ ಡಾಲರ್. ಮರುವರ್ಷ ಬಾಸ್ಟನ್ನಿನವರು ಚಂದಾ ಎತ್ತಿ 1,300 ಡಾಲರ್ ಕೊಟ್ಟು ಅವನನ್ನು ಬಿಡಿಸಿಕೊಂಡರು. ರಾಜ್ಯದಲ್ಲಿ ಉಯಿಲಿನ ವಿಚಾರ ನೋಡುವ ಪ್ರೊಬೇಟ್ ಜಡ್ಜ್ ಕೂಡ ಆಗಿದ್ದ ಲೋರಿಂಗ್ 1858ರಲ್ಲಿ ಆ ಹುದ್ದೆ ಕಳೆದುಕೊಂಡರು.

ಗುಲಾಮಗಿರಿ ಅಂದರೆ ದೂರದ ದಕ್ಷಿಣದ ವಿಚಾರ, ನಮಗ್ಯಾಕೆ ಎಂದುಕೊಂಡಿದ್ದ ವ್ಯಾಪಾರಸ್ಥರು, ಬ್ಯಾಂಕಿನವರು ಆ ದಿನ ಕಿಟಕಿಯಲ್ಲಿ ನಿಂತು ನೋಡಿದರು. ಆಮೋಸ್ ಲಾರೆನ್ಸ್ ಎಂಬ ಗಿರಣಿ ಮಾಲೀಕರು, ರಾತ್ರಿ ಮಲಗುವಾಗ ರಾಜಿ ಪಕ್ಷದವರಾಗಿದ್ದ ನಾವು ಬೆಳಿಗ್ಗೆ ಏಳುವಾಗ ಗುಲಾಮಗಿರಿ ವಿರೋಧದ ಹುಚ್ಚರಾಗಿದ್ದೆವು ಎಂಬರ್ಥದಲ್ಲಿ ಬರೆದರು. ಇದೇ ವಿಚಾರಣೆ ನಡೆಯುತ್ತಿದ್ದಾಗ, ಮೇ 30ರಂದು, ಪಶ್ಚಿಮದ ಎರಡು ಹೊಸ ಪ್ರಾಂತ್ಯಗಳ ಕಾನ್ಸಾಸ್-ನೆಬ್ರಾಸ್ಕಾ ಕಾಯ್ದೆಗೆ ಪಿಯರ್ಸ್ ಸಹಿ ಹಾಕಿದರು. 1820ರ ಗೆರೆ ಅಳಿಸಿಹೋಯಿತು. ಗುಲಾಮಗಿರಿ ಬೇಕೋ ಬೇಡವೋ ಅಲ್ಲಿಯ ಜನರೇ ತೀರ್ಮಾನಿಸಲಿ ಎಂದರು ಡಗ್ಲಾಸ್. ಕೇಳಲು ಚೆಂದ, ಅಲ್ವಾ? ಎರಡೂ ಕಡೆಯವರು ಬಂದೂಕು ಹಿಡಿದು ಕಾನ್ಸಾಸ್‌ಗೆ ಹೋದರು. 1856ರ ಮೇ ತಿಂಗಳ ಒಂದೇ ವಾರದಲ್ಲಿ ಅಲ್ಲಿ ಗುಲಾಮಗಿರಿ ಪರದವರಿಂದ ಲಾರೆನ್ಸ್ ಪಟ್ಟಣ ಲೂಟಿಯಾಯಿತು, ಗುಲಾಮಗಿರಿ ವಿರೋಧಿ ಜಾನ್ ಬ್ರೌನ್ ತಂಡ ಎದುರು ಕಡೆಯ ಐವರನ್ನು ಕೊಂದಿತು. ವಾಷಿಂಗ್ಟನ್ನಿನಲ್ಲಿ ದಕ್ಷಿಣ ಕ್ಯಾರೊಲಿನಾದ ಪ್ರತಿನಿಧಿ ಪ್ರೆಸ್ಟನ್ ಬ್ರೂಕ್ಸ್ ಸೆನೆಟ್ ಒಳಗೇ ಗುಲಾಮಗಿರಿ ವಿರೋಧಿ ಸೆನೆಟರ್ ಚಾರ್ಲ್ಸ್ ಸಮ್ನರ್ ಅವರನ್ನು ಬೆತ್ತದಿಂದ ರಕ್ತ ಬರುವ ಹಾಗೆ ಹೊಡೆದ. ಅಭಿಮಾನಿಗಳು ಅವನಿಗೆ ಹೊಸ ಬೆತ್ತ ಕಳಿಸಿಕೊಟ್ಟರು. ಹಳೆಯ ವ್ಹಿಗ್ ಪಕ್ಷ ಚೂರಾಗಿ, ಉತ್ತರದಲ್ಲಿ ಗುಲಾಮಗಿರಿ ಹರಡುವುದನ್ನು ವಿರೋಧಿಸುವ ರಿಪಬ್ಲಿಕನ್ ಪಕ್ಷ ಎದ್ದು ನಿಂತದ್ದೂ ಈ ವರ್ಷಗಳಲ್ಲೇ.

ಬಿಡುಗಡೆ ಬೇಡಿ ಕೋರ್ಟಿಗೆ ಹೋದ ಗುಲಾಮ ಡ್ರೆಡ್ ಸ್ಕಾಟ್ ಕೇಸಿನ ತೀರ್ಪಿನ ಬಗ್ಗೆ ಹಲವರು ಕೇಳಿರುತ್ತಾರೆ. 1857ರ ಮಾರ್ಚ್ 6ರಂದು ಅಮೆರಿಕದ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ರೋಜರ್ ಟೇನಿ ಓದಿದ 7–2ರ ತೀರ್ಪು: ಕಪ್ಪು ಜನ ಅಮೆರಿಕದ ಪ್ರಜೆಗಳಲ್ಲ, ಕಾಂಗ್ರೆಸ್ಸಿಗೆ (ಅಂದರೆ ಅಲ್ಲಿಯ ಸಂಸತ್ತಿಗೆ) ಹೊಸ ಪ್ರಾಂತ್ಯಗಳಲ್ಲಿ ಗುಲಾಮಗಿರಿ ತಡೆಯುವ ಅಧಿಕಾರವೇ ಇಲ್ಲ. ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸುವುದು ಅದೇ ಕೇಸಿನ ಕೆಳಗಿನ ಹಂತ. ಸ್ವತಂತ್ರ ರಾಜ್ಯದಲ್ಲಿ ವಾಸ ಮಾಡಿಬಂದ ಗುಲಾಮ ಸ್ವತಂತ್ರ ಎಂದು ಮಿಸೌರಿಯ ಕೋರ್ಟುಗಳು ಎಷ್ಟೋ ಕೇಸುಗಳಲ್ಲಿ ಹೇಳಿದ್ದವು. 1850ರಲ್ಲಿ ಜ್ಯೂರಿಯೂ ಸ್ಕಾಟ್ ಪರ ಹೇಳಿತು. 1852ರಲ್ಲಿ ಮಿಸೌರಿ ಸುಪ್ರೀಂ ಕೋರ್ಟು ಅದನ್ನು ತಿರುವಿ ಹಾಕಿತು. ಕೊಟ್ಟ ಕಾರಣದ ಸಾರ ಇಷ್ಟು: ಹಿಂದಿನ ತೀರ್ಪುಗಳು ಬಂದ ಕಾಲ ಈಗಿಲ್ಲ. ಪೂರ್ವನಿದರ್ಶನವನ್ನು ಕೈಬಿಡುವಾಗ ಜಡ್ಜುಗಳು ಕಾನೂನಿನ ಹೊದಿಕೆ ಹೊದಿಸುವುದು ರೂಢಿ. ಇಲ್ಲಿ ಅದೂ ಇಲ್ಲ, ರಾಜಕೀಯ ಕಾವೇರಿದೆ ಎಂದು ಹೆಚ್ಚುಕಡಿಮೆ ನೇರವಾಗಿಯೇ ಬರೆದಿದ್ದಾರೆ.

ಈಗ ರಾಜ್ಯಗಳ ಹಕ್ಕಿನ ವಿಚಾರಕ್ಕೆ ಬರೋಣ. ವಿಸ್ಕಾನ್ಸಿನ್‌ನಲ್ಲಿ 1854ರಲ್ಲಿ ತಪ್ಪಿಸಿಕೊಂಡು ಬಂದು ಸಿಕ್ಕಿಬಿದ್ದ ಜೋಶುವಾ ಗ್ಲೋವರ್ ಎಂಬ ಗುಲಾಮನನ್ನು ಜನ ಜೈಲು ಒಡೆದು ಬಿಡಿಸಿದರು. ಅದಕ್ಕಾಗಿ ಹಿಡಿದ ಪತ್ರಕರ್ತ ಶೆರ್ಮನ್ ಬೂತ್‌ರನ್ನು ಆ ರಾಜ್ಯದ ಸುಪ್ರೀಂ ಕೋರ್ಟು ಬಿಟ್ಟುಬಿಟ್ಟಿತು, 1850ರ ಕಾಯ್ದೆಯೇ ಸಂವಿಧಾನಬಾಹಿರ ಎಂದಿತು. 1859ರಲ್ಲಿ ಟೇನಿ ಅವರ ಕೋರ್ಟು ಒಮ್ಮತದಿಂದ ಅದನ್ನು ರದ್ದು ಮಾಡಿತು. ಕೇಂದ್ರದ ಕಾನೂನಿನ ಮುಂದೆ ರಾಜ್ಯದ ಮಾತು ನಡೆಯುವುದಿಲ್ಲ ಎಂಬ ಆ ತೀರ್ಪು ದಕ್ಷಿಣಕ್ಕೆ ಹಿತವಾಗಿತ್ತು. ರಾಜ್ಯದ ಸಾರ್ವಭೌಮತ್ವದ ನಿರ್ಣಯ ಪಾಸು ಮಾಡಿದ್ದು ವಿಸ್ಕಾನ್ಸಿನ್ ಶಾಸನಸಭೆ!

1860ರ ನವೆಂಬರ್‌ನಲ್ಲಿ ರಿಪಬ್ಲಿಕನ್ ಪಕ್ಷದ ಲಿಂಕನ್ ಅಧ್ಯಕ್ಷ ಚುನಾವಣೆ ಗೆದ್ದರು. ಡಿಸೆಂಬರ್ 20ಕ್ಕೆ ದಕ್ಷಿಣ ಕ್ಯಾರೊಲಿನಾ ಒಕ್ಕೂಟ ಬಿಟ್ಟಿತು, 24ಕ್ಕೆ ಕಾರಣಗಳ ಘೋಷಣೆ ಹೊರಡಿಸಿತು. ಅದನ್ನು ನಾನು ದಾವಾ ಪತ್ರ ಓದಿದ ಹಾಗೆ ಓದುತ್ತೇನೆ, ವ್ಯಾಜ್ಯಕಾರಣ ಹುಡುಕುತ್ತಾ. ಮೇಯ್ನ್‌ನಿಂದ ಅಯೋವಾವರೆಗೆ ಉತ್ತರದ ರಾಜ್ಯಗಳ ಹೆಸರು ಒಂದೊಂದಾಗಿ ಪಟ್ಟಿ ಮಾಡಿ, ಇವರು ಕಾಂಗ್ರೆಸ್ಸಿನ ಕಾಯ್ದೆ ಜಾರಿಯಾಗದಂತೆ ತಮ್ಮದೇ ಕಾನೂನು ಮಾಡಿಕೊಂಡಿದ್ದಾರೆ ಎಂಬುದು ದೂರು. ನ್ಯೂಯಾರ್ಕ್ ರಾಜ್ಯ ಗುಲಾಮರ ಜೊತೆ ಹಾದುಹೋಗಲೂ ಬಿಡುತ್ತಿಲ್ಲ ಎಂಬುದು ಇನ್ನೊಂದು. ಅಂದರೆ ಬೇರೆ ರಾಜ್ಯಗಳು ತಮ್ಮ ಹಕ್ಕು ಚಲಾಯಿಸಿದ್ದೇ ವ್ಯಾಜ್ಯಕಾರಣ. ಆಮದು ಸುಂಕದ ಜಗಳ ಇರಲಿಲ್ಲ ಅನ್ನಲಾರೆ, 1832ರಲ್ಲಿ ಅದು ಜೋರಾಗಿಯೇ ಇತ್ತು. 1857ರ ಹೊತ್ತಿಗೆ ಸುಂಕ ಬಹಳ ಇಳಿದಿತ್ತು. ಬಿಟ್ಟುಹೋದ ರಾಜ್ಯಗಳು 1861ರಲ್ಲಿ ಮಾಡಿಕೊಂಡ ಹೊಸ ಸಂವಿಧಾನ ನೋಡಿದರೂ ಅಷ್ಟೇ. ಗುಲಾಮರ ಮೇಲಿನ ಆಸ್ತಿ ಹಕ್ಕನ್ನು ಕುಂದಿಸುವ ಕಾನೂನು ಮಾಡುವಂತಿಲ್ಲ, ಗುಲಾಮರನ್ನು ಯಾವ ರಾಜ್ಯಕ್ಕೆ ಕರೆದೊಯ್ದರೂ ಆ ಹಕ್ಕಿಗೆ ಧಕ್ಕೆ ಇಲ್ಲ.

ಈ ಕಾಯ್ದೆಯನ್ನು ಹಿಡಿದುಕೊಂಡು ವಾದಿಸಿದ ಒಂದು ವಿಚಿತ್ರ ಪ್ರಸಂಗ ಯುದ್ಧ ಶುರುವಾದ ಮೇಲೆ ನಡೆಯಿತು. 1861ರ ಮೇ 23, ವರ್ಜೀನಿಯಾದ ಜನ ಒಕ್ಕೂಟ ಬಿಡಲು ಓಟು ಹಾಕಿದ ದಿನ. ದಕ್ಷಿಣದ ಸೈನ್ಯಕ್ಕೆ ಫಿರಂಗಿ ಕಟ್ಟೆ ಕಟ್ಟುತ್ತಿದ್ದ ಮೂವರು ಗುಲಾಮರು ರಾತ್ರಿ ದೋಣಿಯಲ್ಲಿ ಒಕ್ಕೂಟದ ಮನ್ರೋ ಕೋಟೆಗೆ ಬಂದರು. ಅಲ್ಲಿಯ ಜನರಲ್ ಬೆಂಜಮಿನ್ ಬಟ್ಲರ್ ಮೂಲತಃ ಮ್ಯಾಸಚೂಸೆಟ್ಸ್‌ನ ವಕೀಲರು. ಹಿಂದಿನ ವರ್ಷ ಪಕ್ಷದ ಸಮಾವೇಶದಲ್ಲಿ ಈಗ ದಕ್ಷಿಣದ ಅಧ್ಯಕ್ಷರಾಗಿದ್ದ ಜೆಫರ್ಸನ್ ಡೇವಿಸ್ ಪರ ಓಟು ಹಾಕಿದ್ದವರು. ಎದುರು ಪಾಳೆಯದ ಮೇಜರ್ ಜಾನ್ ಕೇರಿ ಬಿಳಿ ಬಾವುಟ ಹಿಡಿದು ಬಂದು, 1850ರ ಕಾಯ್ದೆಯಂತೆ ಮೂವರನ್ನೂ ಒಪ್ಪಿಸಿ ಎಂದರು. ಬಟ್ಲರ್ ಹೇಳಿದ್ದು: ನಾವು ಬೇರೆ ದೇಶ ಅಂತೀರಿ, ಬೇರೆ ದೇಶಕ್ಕೆ ನಮ್ಮ ಕಾಯ್ದೆ ಅನ್ವಯಿಸಲ್ಲ. ಕೇರಿ ಬಿಡಲಿಲ್ಲ: ಒಕ್ಕೂಟ ಬಿಡಲು ಸಾಧ್ಯವೇ ಇಲ್ಲ ಅನ್ನೋರು ನೀವು, ಹಾಗಿದ್ದರೆ ಒಪ್ಪಿಸಲೇಬೇಕು. ಬಟ್ಲರ್: ಬಿಟ್ಟಿದ್ದೇವೆ ಅನ್ನೋರು ನೀವು, ಹಾಗಿದ್ದರೆ ಕೇಳುವಂತಿಲ್ಲ. ಮಾಲೀಕರು ಬಂದು ಒಕ್ಕೂಟಕ್ಕೆ ನಿಷ್ಠೆಯ ಪ್ರಮಾಣ ಮಾಡಲಿ, ಆಗ ಕೊಡುತ್ತೇನೆ. ಮೂವರೂ ಕೋಟೆಯಲ್ಲೇ ಉಳಿದರು. ಕೆಲವೇ ದಿನಗಳಲ್ಲಿ ಇನ್ನೂ ಹತ್ತಾರು ಜನ ಬಂದು ಸೇರಿದರು. ಕೆಂಟಕಿ, ಮೇರಿಲ್ಯಾಂಡ್‌ನಂತಹ ಒಕ್ಕೂಟದಲ್ಲೇ ಉಳಿದ ಗುಲಾಮ ರಾಜ್ಯಗಳ ಮಾಲೀಕರಿಗೆ ಮಾತ್ರ ಆ ಕಾಯ್ದೆ ಇನ್ನೂ ಕೈಯಲ್ಲಿತ್ತು. ಕಾಂಗ್ರೆಸ್ ಅದನ್ನು ರದ್ದು ಮಾಡಿದ್ದು 1864ರ ಜೂನ್ 28ಕ್ಕೆ.